‘ಅವಳು ಅಡ್ಜಸ್ಟ್ ಮಾಡ್ಕೊಳ್ತಾಳೆ’

ಮೈಸೂರಿನ ಕುವೆಂಪುನಗರದಿಂದ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್, ವಯಸ್ಸು 41. ಕಂಪನಿಯವರು ಮೂರು ವರ್ಷಕ್ಕೆ ಜರ್ಮನಿಗೆ ಕಳಿಸ್ತೀವಿ ಅಂದಿದ್ದಾರಂತೆ. ‘ಹೀಗೆ ಹೋಗಿ ಬಂದವರೆಲ್ಲ ಮೇಲೆ ಬಂದಿದ್ದಾರಾ? ಅಲ್ಲಿ ಗೆಲ್ಲೋಕೆ ಏನು ಬೇಕು?’ ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಂಬಳದ ಲೆಕ್ಕಕ್ಕೆ ಅರ್ಧ ಪುಟ, ವಾಪಸ್ ಬಂದಮೇಲೆ ಸಿಗಬಹುದಾದ ಹುದ್ದೆಗೆ ಒಂದು ಪುಟ. ಮನೆಯವರ ಬಗ್ಗೆ ಒಂದೇ ಸಾಲು: ‘ನನ್ನ ಹೆಂಡತಿ ಸ್ಕೂಲ್ ಟೀಚರ್, ಅವಳು ಅಡ್ಜಸ್ಟ್ ಮಾಡ್ಕೊಳ್ತಾಳೆ.’ ನಾನು ಅಲ್ಲೇ ನಿಂತೆ.

1980ರ ದಶಕದ ಶುರುವಿನಲ್ಲಿ ರೊಸಾಲಿ ಟಂಗ್ ಎಂಬ ಪ್ರೊಫೆಸರ್, ಹೊರದೇಶಕ್ಕೆ ಕಳಿಸಿದ ಮ್ಯಾನೇಜರುಗಳು ಯಾಕೆ ಸೋಲುತ್ತಾರೆ ಎಂದು ಕಂಪನಿಗಳನ್ನೇ ಕೇಳಿದರು. ಅಮೆರಿಕದ ಕಂಪನಿಗಳು ಮೊದಲು ಹೇಳಿದ್ದು ಕೆಲಸದ ಮಾತೇ ಅಲ್ಲ. ಹೆಂಡತಿಗೋ ಗಂಡನಿಗೋ ಆ ಊರು ಒಗ್ಗಲಿಲ್ಲ ಅಂದರು. ಜಪಾನಿನವರ ಪಟ್ಟಿಯಲ್ಲಿ ಮಾತ್ರ ಇದು ತುಂಬಾ ಕೆಳಗಿತ್ತು. ಅಲ್ಲಿ ಮೊದಲ ಕಾರಣ, ದೊಡ್ಡ ಜವಾಬ್ದಾರಿ ನಿಭಾಯಿಸೋಕೆ ಆಗಲಿಲ್ಲ ಅನ್ನೋದು. ಹಾಗಂತ ಜಪಾನಿನ ಹೆಂಡತಿಯರು ಖುಷಿಯಾಗಿದ್ದರು ಅಂತ ನಾನೇನೂ ನಂಬಲ್ಲ. ಅವರನ್ನು ಯಾರು ಕೇಳಿದ್ರು?

ನೀವೂ ಕೇಳಿಲ್ಲ, ಅಲ್ವಾ?

ಜರ್ಮನಿಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬೇಕಾದರೆ ಜರ್ಮನ್ ಚೆನ್ನಾಗಿ ಬರಬೇಕು, ಇಲ್ಲಿನ ಬಿ.ಎಡ್‌ಗೆ ಅಲ್ಲಿನವರು ಮಾನ್ಯತೆ ಕೊಡಬೇಕು. ಅದು ಆರು ತಿಂಗಳ ಕೆಲಸ ಅಲ್ಲ. ಇಲ್ಲಿ ದಿನಕ್ಕೆ ನೂರು ಸಲ ‘ಮಿಸ್’ ಅನ್ನಿಸಿಕೊಳ್ಳುವವರು ಅಲ್ಲಿ ಡಿಸೆಂಬರಿನ ನಾಲ್ಕೂವರೆಗೆ ಕತ್ತಲಾದಮೇಲೆ ಫ್ಲ್ಯಾಟಿನಲ್ಲಿ ಒಬ್ಬರೇ ಏನು ಮಾಡಬೇಕು? ಮಗಳು ಈಗ ಏಳನೇ ಕ್ಲಾಸು ಅಂದಿದ್ದೀರಿ. ಮೂರು ವರ್ಷ ಬಿಟ್ಟು ಬಂದರೆ ನೇರ ಎಸ್ಸೆಸ್ಸೆಲ್ಸಿ.

ಇನ್ನು ‘ಮೇಲೆ ಬರೋ’ ವಿಷಯ. ಜರ್ಮನ್ ಕಂಪನಿಗಳು ಬೇರೆ ದೇಶಗಳಿಗೆ ಕಳಿಸಿದ್ದ 494 ಮ್ಯಾನೇಜರುಗಳನ್ನು ಕೇಳಿ ಮಾಡಿದ ಅಧ್ಯಯನವೊಂದು 2002ರಲ್ಲಿ ಬಂತು. ಹೋಗಿದ್ದರಿಂದ ನಾವು ಬೆಳೆದೆವು ಅಂತ ಹೆಚ್ಚಿನವರು ಹೇಳಿದರು. ಆದರೆ ಅದೇ ಕಂಪನಿಯಲ್ಲಿ ಇದರಿಂದ ಬಡ್ತಿ ಸಿಗುತ್ತೆ ಅನ್ನೋದರ ಬಗ್ಗೆ ಬಹಳ ಜನರಿಗೆ ಅನುಮಾನವಿತ್ತು. ನನಗೆ ಅದನ್ನು ಓದಿ ಆಶ್ಚರ್ಯವಾಗಲಿಲ್ಲ. ಪತ್ರಿಕೆಗೆ ಬರುವ ಮುಂಚೆ ನಾನೂ ಒಂದು ಕಂಪನಿಯಿಂದ ಮಸ್ಕತ್‌ಗೆ ಹೋಗಿದ್ದೆ. ನಾಲ್ಕು ವರ್ಷ ಕಳೆದು ಒಂದು ಸೋಮವಾರ ಹಳೇ ಆಫೀಸಿಗೆ ಬಂದರೆ, ನನ್ನ ಟೇಬಲ್ ಮೇಲೆ ಬೇರೆ ಯಾರದೋ ಟಿಫನ್ ಕ್ಯಾರಿಯರ್. ‘ಸ್ವಲ್ಪ ದಿನ ಕಾನ್ಫರೆನ್ಸ್ ರೂಮಲ್ಲಿ ಕೂತಿರಿ’ ಅಂದರು. ಆ ಸ್ವಲ್ಪ ದಿನ ಐದು ತಿಂಗಳಾಯಿತು. ನನ್ನನ್ನು ಕಳಿಸಿದ್ದ ಮೇಲಧಿಕಾರಿ ಅಷ್ಟರಲ್ಲಿ ರಿಟೈರ್ ಆಗಿದ್ದರು. ಅವರ ಬಾಯಿಮಾತು ಬಿಟ್ಟರೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಅಲ್ಲಿ ಗೆಲ್ಲೋಕೆ ಏನು ಬೇಕು ಅಂದಿರಿ. ಮಂಡ್ಯದವರನ್ನು ಕೇಳಿ, ಕೋಲ್ಮನ್ ಹೆಸರು ಹೇಳ್ತಾರೆ. ಲೆಸ್ಲಿ ಕೋಲ್ಮನ್ ಕೆನಡಾದವರು. ಮೈಸೂರು ಸಂಸ್ಥಾನದ ಕೆಲಸಕ್ಕೆ 1908ರಲ್ಲಿ ಬಂದವರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯೋದನ್ನು ಮಲೆನಾಡಿನ ತೋಟಗಳಿಗೆ ತಂದರು. 1933ರ ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರಿದ್ದರು. ಆದರೆ ಅವರಿಗೆ ಕಾಲು ಶತಮಾನ ಸಿಕ್ಕಿತು. ನಿಮಗೆ ಮೂರೇ ವರ್ಷ. ಮೊದಲ ವರ್ಷ ಊರು ಅರ್ಥವಾಗೋದರಲ್ಲಿ ಹೋಗುತ್ತೆ, ಕೊನೇ ವರ್ಷ ಇಲ್ಲಿನ ಕುರ್ಚಿಯ ಚಿಂತೆಯಲ್ಲಿ.

ಅದಕ್ಕೇ ಆ ಚಿಂತೆಯನ್ನು ಈಗಲೇ ಕಾಗದಕ್ಕೆ ಇಳಿಸಿ. ವಾಪಸ್ ಬಂದಾಗ ಯಾವ ಗ್ರೇಡ್, ಯಾರ ಕೆಳಗೆ ಅಂತ ಬರೆಸಿಕೊಳ್ಳಿ. ಸುಮ್ನೆ ‘ನೋಡೋಣ’ ಅಂದರೆ ಒಪ್ಪಬೇಡಿ. ಇಲ್ಲಿನ ಕಂಪನಿಯ ನೌಕರರಾಗಿಯೇ ಹೋಗೋದಾದರೆ ಪಿಎಫ್ ಕಚೇರಿಯಿಂದ ಕವರೇಜ್ ಸರ್ಟಿಫಿಕೇಟ್ ಮಾಡಿಸಿ. 2017ರ ಮೇ ತಿಂಗಳಿಂದ ಜರ್ಮನಿಯ ಜೊತೆ ಸಾಮಾಜಿಕ ಭದ್ರತೆಯ ಒಪ್ಪಂದ ಜಾರಿಯಲ್ಲಿದೆ. ಆ ಸರ್ಟಿಫಿಕೇಟ್ ಇದ್ದರೆ 48 ತಿಂಗಳವರೆಗೆ ಅಲ್ಲಿನ ಪಿಂಚಣಿಗೆ ದುಡ್ಡು ಕಟ್ಟದೆ ಇಲ್ಲಿನ ಪಿಎಫ್ ಮುಂದುವರಿಸಬಹುದು.

ಇದಕ್ಕೆಲ್ಲ ಮುಂಚೆ ಒಂದು ಭಾನುವಾರ ಮನೆಯವರ ಜೊತೆ ಕೂತು ಮಾತಾಡಿ. ಅವರು ಹೂಂ ಅಂದರೆ ಜರ್ಮನ್ ಕ್ಲಾಸಿಗೆ ಇಬ್ಬರೂ ಸೇರಿ. ಅವರ ಫೀಸನ್ನೂ ಕಂಪನಿಯೇ ಕೊಡುತ್ತಾ ಅಂತ ಎಚ್‌ಆರ್‌ನವರನ್ನು ಈಗಲೇ ಕೇಳಿ. ವೀಸಾ ಬಂದಮೇಲೆ ಕೇಳಿದರೆ ಯಾರೂ ಕೊಡಲ್ಲ.