ದೊಡ್ಡಪ್ಪನಿಗೆ ಬಂದ ಕಾಯಿಲೆ ನನಗೂ ಬರುತ್ತಾ?

ಪ್ರಶ್ನೆ: ನಮ್ಮ ದೊಡ್ಡಪ್ಪನಿಗೆ 61ನೇ ವಯಸ್ಸಿನಲ್ಲಿ ಎಎಲ್‌ಎಸ್ ಅನ್ನುವ ಮೋಟಾರ್ ನ್ಯೂರಾನ್ ಕಾಯಿಲೆ ಬಂತು. ಮೊದಲು ಕಾಲಿಂದ ಚಪ್ಪಲಿ ಜಾರುತ್ತಿತ್ತು, ಆಮೇಲೆ ಅಂಗಿ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಎರಡೂವರೆ ವರ್ಷಕ್ಕೆ ಹೋಗಿಬಿಟ್ಟರು. ನನಗೀಗ 44. ಟೆಲೊಮಿಯರ್ ಅಳೆದು ಜೀವಕೋಶದ ವಯಸ್ಸು, ಮುಂದೆ ಬರುವ ಕಾಯಿಲೆ ಎಲ್ಲ ಹೇಳುತ್ತೇವೆ ಅಂತ ಮೊಬೈಲಲ್ಲಿ ಜಾಹೀರಾತು ನೋಡಿದೆ. ಮಾಡಿಸಲೇ?
– ಓದುಗರು, ತಿಪಟೂರು

ಉತ್ತರ: ಬೇಡ. ಆ ದುಡ್ಡು ಹಾಗೇ ಇರಲಿ.

ಟೆಲೊಮಿಯರ್ ಅಂದರೆ ಕ್ರೋಮೋಸೋಮಿನ, ಅಂದರೆ ಕೋಶದಲ್ಲಿ ಜೀನ್‌ಗಳನ್ನು ಹೊತ್ತ ಎಳೆಯ ತುದಿ. ಎಳೆ ಬಿಚ್ಚಿಕೊಳ್ಳದಿರಲಿ ಅಂತ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತೇವಲ್ಲ, ಹಾಗೆ. ಒಂದು ಕೋಶ ಎರಡಾದಾಗಲೆಲ್ಲ ಈ ಕುಚ್ಚು ಚೂರು ಸವೆಯುತ್ತದೆ, ತೀರಾ ಗಿಡ್ಡವಾದರೆ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದೆ. ಈ ಸಂಶೋಧನೆಗೆ 2009ರಲ್ಲಿ ನೊಬೆಲ್ ಕೂಡ ಬಂತು. ಜಾಹೀರಾತಿನವರು ಹಿಡಿದುಕೊಂಡಿರುವುದು ಇಷ್ಟನ್ನೇ. ಆದರೆ ಎಎಲ್‌ಎಸ್‌ನಲ್ಲಿ ಸಾಯುವ ಮೋಟಾರ್ ನ್ಯೂರಾನ್, ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶ, ಒಡೆದು ಎರಡಾಗುವ ಕೋಶವೇ ಅಲ್ಲ. ಹುಟ್ಟಿದಾಗ ಇದ್ದದ್ದೇ ಕೊನೆತನಕ, ಬೆನ್ನುಹುರಿಯಿಂದ ಪಾದದವರೆಗೆ ಹತ್ತಿರಹತ್ತಿರ ಒಂದು ಮೀಟರ್ ಉದ್ದದ ಬಾಲ ಚಾಚಿಕೊಂಡು ಒಂದು ದಿನವೂ ರಜೆ ಇಲ್ಲದೆ ದುಡಿಯುತ್ತದೆ. ಅದರ ಸುತ್ತಲಿನ ಸಹಾಯಕ ಕೋಶಗಳು ಒಡೆಯುತ್ತವೆ, ಮುದಿಯಾಗುತ್ತವೆ, ಅದು ನಿಜ. ಆದರೆ ಜಾಹೀರಾತಿನವರು ಅಳೆಯುವ ಟೆಲೊಮಿಯರ್ ರಕ್ತದ್ದೋ ಎಂಜಲಿನದ್ದೋ! ಅದರಲ್ಲೂ ತಮಾಷೆ ನೋಡಿ, ಎಎಲ್‌ಎಸ್ ಇದ್ದವರ ಟೆಲೊಮಿಯರ್ ಗಿಡ್ಡ ಅಂತ ಕೆಲವು ಅಧ್ಯಯನಗಳು ಹೇಳಿದರೆ, ಉದ್ದ ಅಂತ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಹೇಳಿದ್ದಾರೆ. ಇದರ ಮೇಲೆ ಭವಿಷ್ಯ ಹೇಳುವುದು ಗಿಣಿಶಾಸ್ತ್ರಕ್ಕಿಂತ ಜಾಸ್ತಿ ಏನಲ್ಲ.

ಹಾಗಂತ ವಯಸ್ಸಿಗೂ ಈ ಕಾಯಿಲೆಗೂ ನಂಟಿಲ್ಲ ಅಂತಲ್ಲ. ನಂಟು ಇರುವುದು ಕಸ ಗುಡಿಸುವ ಕೆಲಸದಲ್ಲಿ. ಕೋಶ ತನ್ನೊಳಗಿನ ಹಾಳಾದ ಪ್ರೋಟೀನನ್ನು ತಾನೇ ವಿಲೇವಾರಿ ಮಾಡಬೇಕು, ವಯಸ್ಸಾದಂತೆ ಆ ಕೆಲಸ ನಿಧಾನವಾಗುತ್ತದೆ. ಕೆಟ್ಟರೆ ಎಎಲ್‌ಎಸ್ ತರುವ ಟಿಬಿಕೆ1, ಆಪ್ಟಿನ್ಯೂರಿನ್ ಅನ್ನುವ ಜೀನ್‌ಗಳು ನೋಡಿಕೊಳ್ಳುವುದೂ ಇದೇ ಕೆಲಸವನ್ನು. ಟಿಡಿಪಿ-43 ಅನ್ನುವ ಪ್ರೋಟೀನ್ ಕೋಶದ ನಡುಮನೆಯಲ್ಲಿ, ಅಂದರೆ ನ್ಯೂಕ್ಲಿಯಸ್‌ನಲ್ಲಿ ಇರಬೇಕಾದದ್ದು. ಎಎಲ್‌ಎಸ್ ಇದ್ದ ನೂರರಲ್ಲಿ ಸುಮಾರು 97 ಜನರಲ್ಲಿ ಅದು ಅಲ್ಲಿಂದ ಹೊರಗೆ ಬಂದು ಗುಡಿಸದ ಕಸದ ಹಾಗೆ ಗಂಟುಗಂಟಾಗಿ ಕೂತಿರುತ್ತದೆ.

ಇನ್ನೊಂದು ಲೆಕ್ಕ ನನಗೆ ತುಂಬಾ ಹಿಡಿಸಿತು. ಯಾವ ವಯಸ್ಸಲ್ಲಿ ಎಷ್ಟು ಜನರಿಗೆ ಎಎಲ್‌ಎಸ್ ಬರುತ್ತದೆ ಅಂತ 2014ರಲ್ಲಿ ಲೆಕ್ಕ ಹಾಕಿದಾಗ, ಕಾಯಿಲೆ ಶುರುವಾಗಲು ಆರು ಹೆಜ್ಜೆ ದಾಟಬೇಕು ಅಂತ ಹೊಂದಿತು. ಚೌಕಾಬಾರದ ಮನೆಗಳ ಹಾಗೆ ಅಂದುಕೊಳ್ಳಿ. ಎಸ್‌ಒಡಿ1 ಜೀನ್‌ನಲ್ಲಿ ದೋಷ ಇದ್ದವರಿಗೆ ಉಳಿಯುವುದು ಎರಡೇ ಮನೆ, ಸಿ9ಓಆರ್‌ಎಫ್72 ದೋಷ ಇದ್ದವರಿಗೆ ಮೂರು. ಅಂದರೆ ಜೀನ್ ಕೆಟ್ಟಿದ್ದರೂ ಉಳಿದ ಮನೆ ದಾಟಲು ವರ್ಷಗಳು ಬೇಕು. ಹುಟ್ಟಿನಿಂದ ಇದ್ದ ದೋಷ ಐವತ್ತು ದಾಟಿದ ಮೇಲೆ ಕಾಣಿಸಿಕೊಳ್ಳುವುದು ಯಾಕೆ ಅಂತ ಈಗ ಅರ್ಥವಾಯಿತಲ್ವಾ?

ಸರಿ, ನಿಮ್ಮ ವಿಷಯ. ಎಎಲ್‌ಎಸ್ ಇದ್ದ ಹತ್ತು ಜನರಲ್ಲಿ ಒಬ್ಬರ ಮನೆತನದಲ್ಲಿ ಮಾತ್ರ ಅದು ಮೊದಲೇ ಇರುತ್ತದೆ. ಹಾಗಾಗಿ ಸುಮ್ನೆ ರಕ್ತ ಕೊಡುವ ಮೊದಲು ಒಂದು ಹಾಳೆ ತಗೊಂಡು ವಂಶವೃಕ್ಷ ಬರೆಯಿರಿ. ನಿಮ್ಮ ತಂದೆ ಎಂಬತ್ತರಲ್ಲೂ ಗಟ್ಟಿಮುಟ್ಟಾಗಿದ್ದರೆ ಅರ್ಧ ಚಿಂತೆ ಬಿಡಿ. ಕೈಕಾಲು ಸೋತವರನ್ನಷ್ಟೇ ಅಲ್ಲ, ಅರವತ್ತರ ಒಳಗೇ ಸ್ವಭಾವ ಬದಲಾದವರು, ಮಾತು ಮರೆತವರು ಇದ್ದರೆ ಅವರನ್ನೂ ಗುರುತು ಹಾಕಿ, ಯಾಕೆಂದರೆ ಸಿ9ಓಆರ್‌ಎಫ್72 ಒಂದೇ ಮನೆಯಲ್ಲಿ ಒಬ್ಬರಿಗೆ ಎಎಲ್‌ಎಸ್, ಇನ್ನೊಬ್ಬರಿಗೆ ಡಿಮೆನ್ಷಿಯಾ ತರಬಹುದು. ದೊಡ್ಡಪ್ಪನಲ್ಲದೆ ಅಂಥ ಇನ್ನೊಬ್ಬರು ಸಿಕ್ಕರೆ ಆ ಹಾಳೆ ಹಿಡಿದು, ವಂಶದ ಕಾಯಿಲೆ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ, ಉಳಿಸಿದ ದುಡ್ಡು ಅಲ್ಲಿಗೆ ಆಗುತ್ತದೆ. ಎಸ್‌ಒಡಿ1 ದೋಷಕ್ಕೆ ಟೊಫರ್ಸೆನ್ ಅನ್ನುವ, ಬೆನ್ನುಹುರಿಯ ನೀರಿಗೆ ಕೊಡುವ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಬೇರೆ ಜೀನ್‌ಗೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಮಗನಿಗೆ 20. ಬಲಗೈ ಮಾತ್ರ ಸಣ್ಣಗಾಗುತ್ತಿದೆ. ಡಾಕ್ಟರು ಮಾನೋಮೆಲಿಕ್ ಅಂದರು. ಇದೂ ಎಎಲ್‌ಎಸ್ ಕಾಯಿಲೆಯೇ?
– ಓದುಗರು, ಮಂಡ್ಯ

ಉತ್ತರ: ಅಲ್ಲ. ಒಂದೇ ಕೈ ಅಥವಾ ಕಾಲು ಸೊರಗುವ ಈ ತೊಂದರೆಗೆ ಮಾನೋಮೆಲಿಕ್ ಅನ್ನುವ ಹೆಸರಿಟ್ಟು 1984ರಲ್ಲಿ ಬರೆದವರು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೇ. ಹೆಚ್ಚಾಗಿ ಹದಿಹರೆಯ, ಇಪ್ಪತ್ತರ ಹುಡುಗರಲ್ಲಿ ಬರುತ್ತದೆ, ಕೆಲವು ವರ್ಷ ಜಾಸ್ತಿಯಾಗಿ ಆಮೇಲೆ ಸಾಮಾನ್ಯವಾಗಿ ನಿಂತುಬಿಡುತ್ತದೆ. ಕೈ ಸೊರಗಿದ್ದರೆ ಕುತ್ತಿಗೆ ಬಗ್ಗಿಸಿ ಎಂಆರ್‌ಐ ಮಾಡಿದ್ದಾರಾ ಅಂತ ಕೇಳಿ. ಕೆಲವರಲ್ಲಿ ಕುತ್ತಿಗೆ ಬಗ್ಗಿಸಿದಾಗ ಮಾತ್ರ ಬೆನ್ನುಹುರಿ ಒತ್ತಿಕೊಳ್ಳುತ್ತದೆ, ನೆಟ್ಟಗೆ ಮಲಗಿಸಿ ತೆಗೆದ ಚಿತ್ರದಲ್ಲಿ ಅದು ತಪ್ಪಿಹೋಗಬಹುದು.