ಸೂಜಿ ಯಾವ ಕೈಗೆ?

ಹೆಸರನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಹುಡುಗಿಯನ್ನು ಹುಲಿಗೆಮ್ಮ ಎನ್ನೋಣ. ವಯಸ್ಸು 13, ಎಂಟನೆಯ ತರಗತಿ. ಥಲಸ್ಸೇಮಿಯಾ ಇದೆ, ಅಂದರೆ ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸಲಾಗದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ಕೊಪ್ಪಳದ ಕಡೆಯ ಹಳ್ಳಿಯಿಂದ ತಾಯಿಯೊಂದಿಗೆ ಬಳ್ಳಾರಿಯ ಆಸ್ಪತ್ರೆಗೆ ಬಂದು ರಕ್ತ ಹಾಕಿಸಿಕೊಂಡು ಹೋಗುತ್ತಾಳೆ.

“ಪುಸ್ತಕ ಮುಟ್ಟುತ್ತಿಲ್ಲ, ಬುದ್ಧಿ ಹೇಳಿ ಮೇಡಂ” ಎಂದು ತಾಯಿ ವಾರ್ಡಿನಲ್ಲಿ ನನ್ನ ಬಳಿ ಕರೆತಂದರು. ಈ ವರ್ಷ ಶಾಲೆ ಬಿಡಿಸಿ, ಮುಂದಿನ ವರ್ಷ ಮತ್ತೆ ಎಂಟಕ್ಕೇ ಕೂರಿಸುವುದೆಂದು ತಂದೆಯೂ ಸೋದರಮಾವನೂ ಆಗಲೇ ತೀರ್ಮಾನಿಸಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ.

ತಾಯಿ ಚಹಾಕ್ಕೆ ಹೋದಾಗ ಓದಿನ ಮಾತೆತ್ತದೆ, “ಇಲ್ಲಿ ಏನು ಬದಲಾದರೆ ನಿನಗೆ ಹಗುರವಾಗುತ್ತದೆ?” ಎಂದೆ. ಬಲಗೈ ಎತ್ತಿದಳು. “ಪ್ರತಿ ಸಲ ಈ ಕೈಗೇ ಸೂಜಿ ಹಾಕುತ್ತಾರೆ. ನಾನು ಬರೆಯುವುದು ಇದರಲ್ಲೇ.”

ಅದೇ ವಾರ್ಡಿನಲ್ಲಿ ಓಡಾಡುವ ನನಗೂ ಅದು ಕಂಡಿರಲಿಲ್ಲ. ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಮಾತು ಹರಿಯಿತು. ರಕ್ತ ಹಾಕಿಸುವ ಮುಂಚಿನ ವಾರ ತಲೆಗೆ ಏನೂ ಹತ್ತುವುದಿಲ್ಲ; ಹಾಕಿಸಿದ ಮೇಲೆ ಕೆಲವು ದಿನ ಚೆನ್ನಾಗಿರುತ್ತದೆ; ಕಿರುಪರೀಕ್ಷೆ ಬರುವುದು ಆ ಕೆಟ್ಟ ವಾರದಲ್ಲೇ. ಇದು ಸೋಮಾರಿತನವಲ್ಲ. ಹಿಮೋಗ್ಲೋಬಿನ್ ಇಳಿದಾಗ ದೇಹವೇ ಸೋಲುತ್ತದೆ. ತನ್ನ ವೇಳಾಪಟ್ಟಿಯನ್ನು ನಮಗಿಂತ ಅವಳೇ ಚೆನ್ನಾಗಿ ಬಲ್ಲಳು. “ಗೆಳತಿಯರ ನೋಟ್ಸ್ ನಕಲು ಮಾಡಿಸಬೇಡಿ, ಗಣಿತ ಹೇಳಿಕೊಡಿ” ಎಂದಳು.

ಶಾಲೆಗೆ ಪತ್ರ ಬರೆದೆವು. ಅವಳು ಹೇಳಿದಳು, ನಾನು ಬರೆದೆ. ಕಿರುಪರೀಕ್ಷೆಯನ್ನು ರಕ್ತ ಹಾಕಿಸಿದ ಮರುವಾರ ಕೊಡಬೇಕೆಂಬುದು ಮೊದಲ ಕೋರಿಕೆ. ಕಾಯಿಲೆಯ ಬಗ್ಗೆ ತರಗತಿಗೆ ತಿಳಿಸಿ ಎಂದು ನಾನು ಸೇರಿಸಿದ್ದ ಸಾಲನ್ನು ಹೊಡೆದುಹಾಕಿಸಿದಳು. ಅಕ್ಕೋರಿಗೆ, ಅಂದರೆ ಟೀಚರಿಗೆ, ಮಾತ್ರ ಗೊತ್ತಿದ್ದರೆ ಸಾಕಂತೆ. ಒಪ್ಪಿದೆ. ಆದರೆ ರಕ್ತದ ದಿನವನ್ನು ಮುಂದೂಡುವಂತಿಲ್ಲ, ಪದೇ ಪದೇ ರಕ್ತ ಹಾಕಿಸುವುದರಿಂದ ಮೈಯಲ್ಲಿ ಸೇರುವ ಕಬ್ಬಿಣದಂಶ ಇಳಿಸುವ ಮಾತ್ರೆಯನ್ನು ಬಿಡುವಂತಿಲ್ಲ ಎಂದೂ ನೇರವಾಗಿ ಹೇಳಿದೆ.

ತಂದೆಗೆ ಹೇಳಿದ್ದು ಇಷ್ಟು: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಥಲಸ್ಸೇಮಿಯಾ ಇದೆ. ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಅರ್ಜಿ ಹಾಕಿ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕೆಂಬ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ನಮ್ಮ ಕಡೆ ಒಂದೇ ವರ್ಷವೆಂದು ಮನೆಯಲ್ಲಿ ಕೂರಿಸಿದ ಹುಡುಗಿಗೆ ಎಷ್ಟೋ ಸಲ ಮರುವರ್ಷ ಗಂಡು ನೋಡುತ್ತಾರೆ ಎಂದೂ ಅಂದೆ. ಅವರು ತಲೆ ತಗ್ಗಿಸಿದರು.

ಶಾಲೆಯಿಂದ ಹೆಸರು ತೆಗೆಸಲಿಲ್ಲ. ಮಾವ ಇನ್ನೂ ಒಪ್ಪಿಲ್ಲ.

ಈಗ ನರ್ಸ್ ಯಾವ ಕೈ ಎಂದು ಕೇಳಿಯೇ ಸೂಜಿ ಹಾಕುತ್ತಾರೆ. ಮೊನ್ನೆ ಎಡಗೈಯಲ್ಲಿ ನರ ಸಿಗಲಿಲ್ಲ. ಹುಲಿಗೆಮ್ಮ ತಾನೇ ಬಲಗೈ ಚಾಚಿದಳು: “ಇವತ್ತು ಬರೆಯುವುದಿಲ್ಲ. ನೀವು ಲೆಕ್ಕ ಓದಿ, ನಾನು ಬಾಯಲ್ಲಿ ಬಿಡಿಸುತ್ತೇನೆ.”