ಟ್ರಾಯ್ ಇರುವುದು ಯಾರಿಗಾಗಿ?

ಪ್ರಶ್ನೆ: ನಮ್ಮಲ್ಲಿ ಮೊಬೈಲ್ ಕರೆ ಅರ್ಧದಲ್ಲೇ ಕಡಿದುಹೋಗುತ್ತದೆ. ಕಂಪನಿಗೆ ಹೇಳಿ ಹೇಳಿ ಸಾಕಾಗಿದೆ. ಟ್ರಾಯ್‌ಗೆ ಬರೆಯೋಣವೆಂದರೆ, ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ ಎನ್ನುತ್ತಾರೆ. ಹಾಗಾದರೆ ಅದು ಇರುವುದು ಯಾರಿಗಾಗಿ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಕೇಳಿದ್ದು ನಿಜ. ಗ್ರಾಹಕರ ದೂರನ್ನು ವಿಚಾರಿಸಿ ತೀರ್ಪು ಕೊಡುವ ಅಧಿಕಾರವನ್ನು ಕಾಯ್ದೆಯೇ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಟ್ರಾಯ್‌ಗೆ, ಕೊಟ್ಟಿಲ್ಲ. ಆದರೆ ಅದು ನಮಗಾಗಿ ಇಲ್ಲ ಎನ್ನಲು ನನಗೆ ಮನಸ್ಸಾಗದು. ದೂರವಾಣಿ ಇಲಾಖೆಯಲ್ಲೇ ದುಡಿದು ನಿವೃತ್ತನಾದ ನಾನು ಟ್ರಾಯ್ ಇಲ್ಲದ ಕಾಲವನ್ನು ಕಂಡಿದ್ದೇನೆ. ನೀತಿ ರೂಪಿಸುವುದೂ, ಪರವಾನಗಿ ಕೊಡುವುದೂ, ಸೇವೆ ನಡೆಸುವುದೂ ಆಗ ಒಂದೇ ಇಲಾಖೆ. ದರ ಇಷ್ಟೇಕೆ ಎಂದು ಕೇಳಲು ಜನರಿಗೆ ಬೇರೊಂದು ಬಾಗಿಲು ಇರಲಿಲ್ಲ.

1995ರಲ್ಲಿ ಮೊಬೈಲ್ ಬಂತು, 1997ರಲ್ಲಿ ಟ್ರಾಯ್. ಅದರ ಅಧಿಕಾರ ಎಲ್ಲಿಯವರೆಗೆ ಎಂಬ ಬಗ್ಗೆ ಇಲಾಖೆಯೇ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ 2000ದ ತಿದ್ದುಪಡಿಯು ವ್ಯಾಜ್ಯ ತೀರಿಸುವ ಕೆಲಸವನ್ನು ಟಿಡಿಸ್ಯಾಟ್ ಎಂಬ ನ್ಯಾಯಮಂಡಳಿಗೆ ವಹಿಸಿತು. ದರ, ಗುಣಮಟ್ಟ, ಕಂಪನಿಗಳ ನಡುವಿನ ಸಂಪರ್ಕದ ನಿಯಮ, ಸರ್ಕಾರಕ್ಕೆ ಶಿಫಾರಸು ಇಷ್ಟು ಟ್ರಾಯ್ ಪಾಲಿಗೆ ಉಳಿದವು. ಪರವಾನಗಿ, ತರಂಗಾಂತರ ಹಂಚಿಕೆ ಇಂದಿಗೂ ಸರ್ಕಾರದ ಕೈಯಲ್ಲೇ ಇವೆ. 2004ರಿಂದ ಕೇಬಲ್ ಟಿವಿಯೂ ಟ್ರಾಯ್ ವ್ಯಾಪ್ತಿಗೆ ಸೇರಿತು.

ಬಂದ ಕರೆಗೂ ನಾವು ಹಣ ತೆರುತ್ತಿದ್ದುದು 2003ರಲ್ಲಿ ನಿಂತದ್ದು, 2011ರಲ್ಲಿ ದೇಶದಾದ್ಯಂತ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವಂತಾದದ್ದು, 2016ರಲ್ಲಿ ಜಾಲತಾಣಕ್ಕೊಂದು ಡೇಟಾ ದರ ವಿಧಿಸದಂತೆ ತಡೆದದ್ದು ಇವೆಲ್ಲ ಟ್ರಾಯ್ ನಿಯಮಗಳ ಫಲ. ಒಬ್ಬರ ದೂರಿನಿಂದ ಇಂಥ ಬದಲಾವಣೆ ಸಾಧ್ಯವಿರಲಿಲ್ಲ.

ಇನ್ನು ನಿಮ್ಮ ಕರೆ ಕಡಿತ. ಕಡಿದ ಕರೆಗೆ ಒಂದು ರೂಪಾಯಿಯಂತೆ, ದಿನಕ್ಕೆ ಮೂರು ಕರೆಗಳವರೆಗೆ ಗ್ರಾಹಕರಿಗೆ ಪರಿಹಾರ ಸಲ್ಲಬೇಕೆಂದು ಟ್ರಾಯ್ 2015ರಲ್ಲಿ ನಿಯಮ ಮಾಡಿತ್ತು. ಕಂಪನಿಗಳು ಸುಪ್ರೀಂ ಕೋರ್ಟ್‌ಗೆ ಹೋದವು. 2016ರ ಮೇ ತಿಂಗಳಲ್ಲಿ ಆ ನಿಯಮ ರದ್ದಾಯಿತು. ಕಂಪನಿಯ ತಪ್ಪಿದೆಯೋ ಇಲ್ಲವೋ ನೋಡದೆ ದಂಡ ಹಾಕುವುದು ಸರಿಯಲ್ಲ ಎಂಬ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೂ ತಪ್ಪನ್ನು ಗುರುತಿಸಿ ಪರಿಹಾರ ಕೊಡಿಸುವ ಪರಿಷ್ಕೃತ ನಿಯಮವೊಂದು ಅದರ ಬೆನ್ನಿಗೇ ಬರಬೇಕಿತ್ತು ಎಂಬ ಸಂಕಟ ನನಗೆ ಇನ್ನೂ ಇದೆ.

ಈಗ ನೀವು ಮಾಡಬೇಕಾದದ್ದು: ಬಾಯಿಮಾತಿನ ದೂರು ಸಾಲದು, ದೂರು ದಾಖಲಾದಾಗ ಕೊಡುವ ಡಾಕೆಟ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ದೂರಿಗೆ ಒಳಗಾದ ಕಂಪನಿಯೇ ಮೇಲ್ಮನವಿಯನ್ನೂ ಕೇಳುವ ಈ ಏರ್ಪಾಡು ನನಗೆ ಹಿಡಿಸಿಲ್ಲ. ಗ್ರಾಹಕರ ದೂರು ವಿಚಾರಿಸಲು ಸ್ವತಂತ್ರ ಒಂಬುಡ್ಸ್‌ಮನ್ ಬೇಕೆಂದು 2017ರಲ್ಲಿ ಟ್ರಾಯ್ ಕೂಡ ಶಿಫಾರಸು ಮಾಡಿತ್ತು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ದೂರಸಂಪರ್ಕದ ದೂರುಗಳನ್ನೂ ಅದು ಆಲಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಪ್ರಶ್ನೆ: ಅಪ್ಪನ ಬಳಿ ಕೀಪ್ಯಾಡ್ ಫೋನ್ ಇದೆ. ಬೇಡದ ಡೇಟಾಕ್ಕೂ ಹಣ ಕಟ್ಟಲೇಬೇಕೇ?
– ಓದುಗರೊಬ್ಬರು, ಕೋಲಾರ

ಉತ್ತರ: ಬೇಕಿಲ್ಲ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜ್ ಒಂದಾದರೂ ಇರಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ವಿಧಿಸಿದೆ. ಅದರ ಅವಧಿ 365 ದಿನಗಳವರೆಗೂ ಇರಬಹುದು. ಬೆಲೆಯನ್ನು ಮಾತ್ರ ಕಂಪನಿಗಳಿಗೇ ಬಿಟ್ಟಿರುವುದರಿಂದ ಎರಡು ಮೂರು ಕಡೆ ಹೋಲಿಸಿ ನೋಡಿ. ಅಂಗಡಿಯವರು ತಾವಾಗಿ ಹೇಳದಿದ್ದರೆ ಕರೆ, ಎಸ್ಸೆಮ್ಮೆಸ್ ಮಾತ್ರದ ರೀಚಾರ್ಜ್ ಎಂದೇ ಹೇಳಿ ಕೇಳಿ.